ವಿಳಾಸ ಕೇಳದ ಮನೆ

ಒಂದು ಊರಿನಲ್ಲಿ ಮನೆಗಳಿಗೆ ಕೊರತೆಯಿಲ್ಲ, ಮನೆ ನಂಬರುಗಳಿಗೆ ಕೊರತೆ ಬಂದಿದೆ ಎಂದುಕೊಳ್ಳಿ. ಆರಂಕಿಗಿಂತ ದೊಡ್ಡ ನಂಬರು ಬರೆಯಲು ಆ ಊರಿನ ದಫ್ತರದಲ್ಲಿ ಜಾಗವಿಲ್ಲ. ಹೊಸ ಮನೆ ಕಟ್ಟಬಹುದು, ಸುಣ್ಣ ಬಳಿಯಬಹುದು. ಆದರೆ ನಂಬರಿಲ್ಲದ ಮನೆಗೆ ಅಂಚೆಯವನು ಹೋಗಲಾರ, ನಳದ ನೀರು ಬಾರದು. ಅದು ಇದ್ದೂ ಇಲ್ಲದ ಮನೆ. ಆಗ ಏನು ಮಾಡುತ್ತೀರಿ? ಯಾರದೋ ನಂಬರು ಕಿತ್ತು ಇನ್ಯಾರಿಗೋ ಕೊಡುತ್ತೀರಿ. ಯಾರದನ್ನು ಕೀಳಬೇಕೆಂದು ಗೊತ್ತುಮಾಡುವ ಕೆಲಸ ನನ್ನದಾಗಿತ್ತು. ಆ ಊರು ನನ್ನ ಅವ್ವನ ತಲೆಯೊಳಗಿತ್ತು.

ನನ್ನ ಹೆಸರು ದಾಕ್ಷಾಯಣಿ. ಲಕ್ವ ಹೊಡೆದವರ ಕಿವಿಯ ಹಿಂದೆ ಕೂರಿಸುವ ‘ಆಸರೆ’ ಎಂಬ ಚಿಪ್ ತಯಾರಿಸುವ ಧಾರವಾಡದ ಸಂಸ್ಥೆಯೊಂದರಲ್ಲಿ ಕೆಲಸ. ಹುಣಸೆಬೀಜಕ್ಕಿಂತ ದೊಡ್ಡದಲ್ಲ ಆ ಚಿಪ್. ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತಾಗ ಅದರ ಅಂಚು ಆರು ವಾರ ಕುಟುಕು ಜೀವ ಹಿಡಿದಿರುತ್ತದೆ. ಅಷ್ಟರೊಳಗೆ ಅಲ್ಲಿನ ನೆನಪುಗಳನ್ನು ಚಿಪ್‌ಗೆ ಇಳಿಸಿಕೊಂಡರೆ ಮನುಷ್ಯ ಉಳಿದ ಹಾಗೆ. ವಿಧಾನ ಸರಳ. ಒಂದು ಫೋಟೋ ತೋರಿಸುತ್ತೇವೆ, ರೋಗಿ ಅದರ ಹೆಸರು ಹೇಳಬೇಕು. ಆ ಹೆಸರು ಒಂದು ಪುಟದ ತಲೆಬರಹವಾಗುತ್ತದೆ. ಅದಕ್ಕೆ ಸಂಬಂಧಪಟ್ಟ ಹಳೆಯ ನೆನಪು, ಮುಂದೆ ಬಂದು ಸೇರುವ ಹೊಸ ನೆನಪು, ಎಲ್ಲವೂ ಆ ಒಂದು ಪುಟವನ್ನೇ ಹಿಡಿದುಕೊಂಡು ಜೋತಾಡುತ್ತವೆ.

ಅವ್ವ ನಿಂಬೆವ್ವನಿಗೆ ಐವತ್ತೆಂಟನೆಯ ವಯಸ್ಸಿಗೆ ಲಕ್ವ ಹೊಡೆಯಿತು. ಹುಬ್ಬಳ್ಳಿಯ ಮನೆಯಿಂದ ನೇರ ನಮ್ಮ ಸಂಸ್ಥೆಗೇ ಕರೆತಂದೆ. ಅವಳ ನೆನಪು ಇಳಿಸುವ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲ ಫೋಟೋ ನನ್ನದು, ‘ದಾಕ್ಷಿ’ ಎಂದಳು. ಎರಡನೆಯದು ಅವಳ ಅಕ್ಕನದು, ಮೂರನೆಯದು ನಮ್ಮ ಮನೆಯದು. ನಾಲ್ಕನೆಯದು ಅಪ್ಪನದು. ಅವ್ವ ಬಾಯಿ ಮುಚ್ಚಿಕೊಂಡಳು. ಅರ್ಧ ಮುಖ ಸತ್ತಿತ್ತು, ಉಳಿದರ್ಧಕ್ಕೆ ನಾಚಿಕೆ ಬಂದಿತ್ತು.

ಗಂಡನ ಹೆಸರು ಹೇಳಬಾರದು ಎಂಬ ರೂಢಿಯಲ್ಲಿ ಬೆಳೆದವಳು ಅವಳು. ನಲವತ್ತು ವರ್ಷದ ಸಂಸಾರದಲ್ಲಿ ‘ರೀ’ ಅಂದಿದ್ದಾಳೆ, ‘ದಾಕ್ಷಿ ಅಪ್ಪಾರ’ ಅಂದಿದ್ದಾಳೆ, ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಪಕ್ಕದವಳ ಕೈಲಿ ಹೇಳಿಸಿದ್ದಾಳೆ. ತಮಾಷೆಯೆಂದರೆ ಅಪ್ಪ ಅಡಿವೆಪ್ಪನ ಕಸುಬೇ ಹೆಸರು ಬರೆಯುವುದು. ಹುಬ್ಬಳ್ಳಿಯ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯವು. ಮೂಲೆಯಲ್ಲಿ ಸಣ್ಣಗೆ ‘ಅಡಿವೆಪ್ಪ’ ಎಂದು ಇರುತ್ತಿತ್ತು. ಊರಿಗೆಲ್ಲ ಕಾಣುವ ಆ ಹೆಸರನ್ನು ಹೆಂಡತಿ ಒಮ್ಮೆಯೂ ಓದಿ ಹೇಳಿದವಳಲ್ಲ. ಅಪ್ಪ ಅವಳನ್ನು ಕಾಡುತ್ತಿದ್ದ: ಒಡಪು ಗಿಡಪು ಇಲ್ಲದೆ ನನ್ನ ಹೆಸರು ಒಮ್ಮೆ ನೆಟ್ಟಗೆ ಹೇಳು, ಮನೆಯ ಬಾಗಿಲಿಗೆ ನಿನ್ನ ಹೆಸರಿನ ಬೋರ್ಡು ಬರೆದು ಹಾಕುತ್ತೇನೆ ಎಂದು. ಅವಳು ಹೇಳಲಿಲ್ಲ, ಅವನು ಬರೆಯಲಿಲ್ಲ. ನಮ್ಮ ಮನೆಗೆ ಬೋರ್ಡೇ ಇರಲಿಲ್ಲ.

ಆ ದಿನ ತಂತ್ರಜ್ಞ ಗೋಗರೆದ. ಅಪ್ಪ ಕಾಟ್‌ನ ಕೆಳತುದಿಯಲ್ಲಿ ನಿಂತು, ಡಾಕ್ಟರ ಅಪ್ಪಣೆಯಾಗಿದೆ, ಪಾಪ ಬರುವುದಿಲ್ಲ ಎಂದು ನಕ್ಕ. ಕೊನೆಗೆ ಅವ್ವ ತೊದಲುತ್ತ, ಸೀಮಂತದ ಮನೆಯಲ್ಲಿ ಹೇಳುವ ಹಾಗೆ, ಹೆಸರನ್ನು ಪ್ರಾಸದಲ್ಲಿ ಅಡಗಿಸಿ, ಒಡಪು ಕಟ್ಟಿಯೇ ಹೇಳಿದಳು:

“ಹಸರ ಡಬ್ಬಿ, ಕೆಂಪ ಡಬ್ಬಿ, ನಡುವ ನೀಲಿ ಬಣ್ಣ,
ಅಡಿವೆಪ್ಪನ ಕೈಯ ಮುಂದ ಬಂಗಾರನೂ ಸುಣ್ಣ.”

ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ತಂತ್ರಜ್ಞ ಪುಟದ ನಂಬರನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡ. ಅದನ್ನು ನಾನು ನೋಡಿದ್ದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎಂದು ನುಣುಚಿಕೊಳ್ಳಲು ನನಗೆ ದಾರಿ ಇರಬಾರದು.

ಚಿಪ್‌ನೊಳಗಿನ ಊರಿಗೆ ಎರಡು ಕೇರಿ, ನಡುವೆ ಒಂದು ಗೆರೆ. ಗೆರೆಯ ಕೆಳಗಿನದು ಮನುಷ್ಯನದು: ಅವನ ನೆನಪು, ಮಾತು, ಗುರುತು. ಗೆರೆಯ ಮೇಲಿನದು ವ್ಯವಸ್ಥೆಯದು. ಅದನ್ನು ಕರ್ನಲ್, ಎಂದರೆ ತಿರುಳು, ಎನ್ನುತ್ತೇವೆ. ನಡೆಯುವಾಗ ಬೀಳದ ಹಾಗೆ, ಉಸಿರು ತಪ್ಪದ ಹಾಗೆ, ಮೂರ್ಛೆ ಬಾರದ ಹಾಗೆ ನೋಡಿಕೊಳ್ಳುವ ಕಂಪ್ಯೂಟರ್ ಕಾರ್ಯಕ್ರಮಗಳೆಲ್ಲ ಅಲ್ಲಿರುತ್ತವೆ. ಮನುಷ್ಯನಿಗೆ ಆ ಕೇರಿಗೆ ಪ್ರವೇಶವಿಲ್ಲ. ಅಪ್ಪನಿಗೆ ಇದನ್ನು ವಿವರಿಸಿದ ದಿನದಿಂದ ಅವನು ಅದನ್ನು, ಮಿಲಿಟರಿಯವರನ್ನು ಕರೆದಂತೆ, ಕರ್ನಲ್ ಸಾಹೇಬ ಎಂದೇ ಕರೆಯುತ್ತಿದ್ದ. ಅವ್ವ ಎಡವಿದರೆ, ಸಾಹೇಬರು ಇವತ್ತು ಡ್ಯೂಟಿಗೆ ಬಂದಿಲ್ಲ ಅನ್ನುತ್ತಿದ್ದ.

ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಅಪ್ಪ ಕುಂಚ ಬಿಟ್ಟು ರೊಟ್ಟಿ ಬಡಿಯುವುದು ಕಲಿತ. ಅವ್ವ ಕುಳಿತಲ್ಲಿಂದಲೇ ಅವನಿಗೆ ಹಿಟ್ಟು ನಾದುವುದನ್ನು ಹೇಳಿಕೊಟ್ಟು, ಅವನ ರೊಟ್ಟಿಯ ಆಕಾರ ನೋಡಿ ಆಡಿಕೊಂಡಳು. ಆ ರೊಟ್ಟಿ ತಿನ್ನುವ ಯೋಗ ಮಾತ್ರ ಅವಳಿಗಿರಲಿಲ್ಲ. ಗಂಟಲಿನ ಸ್ನಾಯು ಸೋಲುತ್ತ ಬಂದಿತ್ತು. ಗಂಜಿ ಕೂಡ ಉಸಿರಿನ ದಾರಿಗೆ ಇಳಿಯುತ್ತಿತ್ತು. ಎರಡು ಸಲ ನ್ಯುಮೋನಿಯಾ ಆಯಿತು. ಮೂರನೆಯದು ಆದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗಿದ್ದ ಅಪ್ಪನಿಗೆ ಅದು ಕೇಳಿಸಿತ್ತು.

ನುಂಗುವಿಕೆಯನ್ನು ಸರಿಪಡಿಸುವ ಹೊಸ ಕಾರ್ಯಕ್ರಮ ನಮ್ಮ ಸಂಸ್ಥೆಯಲ್ಲಿ ಸಿದ್ಧವಾಗಿತ್ತು. ಅವ್ವನ ಚಿಪ್‌ಗೆ ಹಾಕಲು ನೋಡಿದೆ. ಹತ್ತಲಿಲ್ಲ. ಪರದೆಯ ಮೇಲೆ ಒಂದೇ ಸಾಲು: ಕರ್ನಲ್ ಭಾಗದಲ್ಲಿ ವಿಳಾಸಗಳು ಮುಗಿದಿವೆ. ಚಿಪ್‌ನಲ್ಲಿ ಜಾಗ ಬೇಕಾದಷ್ಟಿತ್ತು, ಆ ಜಾಗವನ್ನು ಕರೆಯಲು ನಂಬರಿರಲಿಲ್ಲ. ದೊಡ್ಡ ನಂಬರು ಓದುವ ಹೊಸ ಚಿಪ್ ಕೂರಿಸಬೇಕೆಂದರೆ ತಲೆಬುರುಡೆ ಮತ್ತೆ ತೆರೆಯಬೇಕು. ಅವಳ ದೇಹಕ್ಕೆ ಆ ತ್ರಾಣವಿರಲಿಲ್ಲ. ಉಳಿದದ್ದು ಒಂದೇ ದಾರಿ, ಗೆರೆಯನ್ನು ಕೆಳಕ್ಕೆ ಸರಿಸುವುದು. ಕರ್ನಲ್‌ನ ಕೇರಿ ಹಿಗ್ಗುತ್ತದೆ, ಮನುಷ್ಯನ ಕೇರಿ ಅಷ್ಟೇ ಕುಗ್ಗುತ್ತದೆ.

ಯಾವ ಪುಟಗಳ ನಂಬರು ಕೀಳಬೇಕು ಎಂಬುದಕ್ಕೆ ನಾನೇ ಒಂದು ನಿಯಮ ಬರೆದಿದ್ದೆ. ಪ್ರತಿ ಪುಟಕ್ಕೂ ಒಂದು ಗುರುತು ಇರುತ್ತದೆ. ರೋಗಿಯ ಮನಸ್ಸು ಚಿಪ್‌ನೊಳಗಿನ ವಿಳಾಸಗಳ ದಫ್ತರಕ್ಕೆ ಬಂದು ಆ ಪುಟದ ವಿಳಾಸ ಕೇಳಿದಾಗ ಗುರುತಿನಲ್ಲಿ ದಿನಾಂಕ ಬೀಳುತ್ತದೆ. ಮೂರು ವರ್ಷದಲ್ಲಿ ಒಮ್ಮೆಯೂ ಕೇಳದ ಪುಟ ಖಾಲಿ ಪುಟವಿದ್ದಂತೆ, ಅದನ್ನು ತೆಗೆಯಬಹುದು. ಎಷ್ಟು ಅಂದವಾದ ನಿಯಮ! ಅದಕ್ಕೆ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ನನಗೆ ಶಾಲು ಹೊದಿಸಿದ್ದರು. ಹನ್ನೊಂದು ಜನರ ಮೇಲೆ ಪರೀಕ್ಷೆ ಮಾಡಿದ್ದೆವು, ಹನ್ನೊಂದರಲ್ಲೂ ಒಂದೂ ತಪ್ಪಿಲ್ಲ. ಮರೆತದ್ದೆಲ್ಲ ಯಾವುದೋ ಹಳೆಯ ಬಸ್ಸಿನ ವೇಳೆ, ಸತ್ತ ಸೋದರಮಾವನ ಮನೆಯ ನಾಯಿ. ಹನ್ನೊಂದು ಜನವೂ ಗಂಡಸರು. ಲಕ್ವ ಹೆಂಗಸರಿಗೂ ಹೊಡೆಯುತ್ತದೆ, ಸಾಧನ ಮೊದಲು ಸಿಗುವುದು ಗಂಡಸರಿಗೆ. ಅದನ್ನು ನಾನು ಗಮನಿಸಿರಲಿಲ್ಲ ಎಂದಲ್ಲ, ಗಮನಿಸಿ ಸುಮ್ಮನಿದ್ದೆ.

ಒಪ್ಪಿಗೆ ಪತ್ರ ಹಿಡಿದು ಹುಬ್ಬಳ್ಳಿಗೆ ಹೋದೆ. ಅಪ್ಪ ಅವ್ವನಿಗೆ ಚಮಚೆಯಿಂದ ಗಂಜಿ ಕುಡಿಸುತ್ತಿದ್ದ. ಒಂದು ಚಮಚೆ, ಗಂಟಲು ಸವರುವುದು, ಕೆಮ್ಮು, ಬೆನ್ನು ತಟ್ಟುವುದು, ಮತ್ತೊಂದು ಚಮಚೆ. ಅರ್ಧ ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ ಬೇಕಾಯಿತು. ಅವ್ವ ನಡುನಡುವೆ ಅವನ ಅಂಗಿಯ ತೋಳು ಹಿಡಿದು, ಸಾಕ್ರೀ ಎನ್ನುತ್ತಿದ್ದಳು. ಅವಳು ಮಲಗಿದ ಮೇಲೆ ಅಪ್ಪ ಪತ್ರ ಓದಿದ.

“ಸಾಹೇಬರಿಗೆ ಬಂಗಲೆ ಸಾಲವಲ್ದು ಅಂತ ಬಾಡಿಗಿ ಮಂದಿನ್ನ ಎಬ್ಬಸ್ತೀರಿ, ಹೌದಲ್ಲೋ?” ಎಂದ.

ಬಳಸದೆ ಬಿದ್ದ ನೆನಪು ಮಾತ್ರ ಹೋಗುತ್ತದೆ ಎಂದೆ.

“ಬಳಸಲಾರದ ಸಾಮಾನ ಅಟ್ಟಕ್ಕ ಹಾಕೋದು ಬ್ಯಾರೆ, ಬೀದಿಗೆ ಒಗಿಯೋದು ಬ್ಯಾರೆ. ನೀ ಯಾವುದು ಮಾಡ್ತಿ?”

“ಒಗಿಯೋದ, ಅಪ್ಪಾ. ಅಟ್ಟ ಇಲ್ಲ.”

ಅಟ್ಟ ಇರಲಿಲ್ಲ, ಏಕೆಂದರೆ ಒಬ್ಬರ ನೆನಪಿನ ನಕಲನ್ನು ಮೈಯಿಂದ ಹೊರಗೆ ಇಡಬಾರದೆಂದು ಕಾನೂನಿತ್ತು. ಯಾವ ಪುಟದಲ್ಲಿ ಏನಿದೆ ಎಂದು ನಾವು ಓದುವಂತೆಯೂ ಇರಲಿಲ್ಲ. ನಮಗೆ ಕಾಣುವುದು ಬರೀ ನಂಬರು. ಒಳ್ಳೆಯ ಕಾನೂನು. ಅಪ್ಪ ಬಟ್ಟಲಿನಲ್ಲಿ ಉಳಿದ ಗಂಜಿಯನ್ನು ನೋಡುತ್ತಿದ್ದ.

“ಅಕಿ ಉಂಡರ ಸಾಕು. ಏನ ಹೋಗ್ತೈತಿ ಹೋಗ್ಲಿ,” ಎಂದು ಸಹಿ ಮಾಡಿದ. ಬೋರ್ಡು ಬರೆಯುವವರ ಸಹಿ, ಪ್ರತಿ ಅಕ್ಷರವೂ ದುಂಡಗೆ.

ಗೆರೆ ಸರಿಸುವ ಕೆಲಸ ಹನ್ನೊಂದು ನಿಮಿಷದ್ದು. ಅವ್ವ ಕುರ್ಚಿಯಲ್ಲಿ ಅರೆನಿದ್ದೆಯಲ್ಲಿದ್ದಳು. ಪರದೆಯ ಮೇಲೆ ಒಂದು ಲಕ್ಷ ಹನ್ನೆರಡು ಸಾವಿರ ಪುಟಗಳ ನಂಬರು ಸರಸರನೆ ಹರಿದುಹೋದವು. ಕಣ್ಣಿಗೆ ಒಂದು ಮಳೆಯಷ್ಟೇ. ನಮ್ಮ ಮುಖ್ಯಸ್ಥರಾದ ಹಂಚಿನಮನಿ ಸರ್ ಹಿಂದೆ ನಿಂತು ಚಹಾ ಕುಡಿಯುತ್ತಿದ್ದರು. ಹೊಸ ಕಾರ್ಯಕ್ರಮ ಹತ್ತಿತು. ಅವ್ವ ನಿದ್ದೆಯಲ್ಲೇ ಎಂಜಲು ನುಂಗಿದಳು, ಕೆಮ್ಮಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಸರ್ ಬೆನ್ನು ತಟ್ಟಿ, ಹನ್ನೆರಡಕ್ಕೆ ಹನ್ನೆರಡು ಎಂದರು.

ಅಪ್ಪ ಬೆಳಿಗ್ಗೆಯೇ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಬಂದು ವರಾಂಡದಲ್ಲಿ ಕುಳಿತಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ. ಅವ್ವನಿಗೆ ಎಚ್ಚರವಾದ ಮೇಲೆ ಡಾಕ್ಟರು ಒಂದು ತುಂಡು ಕೊಡಿ ನೋಡೋಣ ಎಂದರು. ಅಪ್ಪ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಮುಂದೆ ಚಾಚಿದ. ಅವ್ವ ಅವನ ಕೈಯಿಂದ ತಿನ್ನಲಿಲ್ಲ. ತಾನೇ ತೆಗೆದುಕೊಂಡು ಅಗಿದಳು. ನುಂಗಿದಳು. ಇನ್ನೊಂದು ತುಂಡು, ಮತ್ತೊಂದು. ಒಂದು ಇಡೀ ರೊಟ್ಟಿ. ಅಪ್ಪ ಅಳುತ್ತ ನಗುತ್ತಿದ್ದ, ಎರಡನೆಯ ರೊಟ್ಟಿ ಮುರಿಯಲು ಹೋದ.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಸಾಕ್ರಿ ಅಣ್ಣಾರ. ನಿಮಗ ಭಾಳ ತ್ರಾಸ ಆತು.”

ಅಪ್ಪ ಅದನ್ನು ಚೇಷ್ಟೆ ಎಂದುಕೊಂಡ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಅವ್ವ ನನ್ನ ಕಡೆ ಬಾಗಿ, ಬೇರೆಯವರ ಮನೆಯಲ್ಲಿ ಮಾತಾಡುವಷ್ಟು ಸಣ್ಣ ದನಿಯಲ್ಲಿ ಕೇಳಿದಳು:

“ಇವರು ಯಾವೂರವರವಾ, ದಾಕ್ಷಿ? ರೊಟ್ಟಿ ಛಲೋ ಬಡದಾರ. ಪಾಪ, ಇವರಿಗೆ ಮನ್ಯಾಗ ಯಾರೂ ಇಲ್ಲೇನು?”

ಅಪ್ಪನ ಕೈಯಲ್ಲಿ ಅರ್ಧ ಮುರಿದ ರೊಟ್ಟಿ ಇತ್ತು. ಅವನು ಅದನ್ನು ಬುತ್ತಿಯ ಅರಿವೆಯಲ್ಲಿ ಇಟ್ಟು, ಮಡಿಸಿ ಗಂಟು ಹಾಕಿದ.

ನಾನು ಲ್ಯಾಬಿಗೆ ಓಡಿದೆ. ಆಗದು ಎಂದೇ ನನ್ನ ಲೆಕ್ಕ. ದಿನಕ್ಕೆ ನೂರು ಸಲ ನೋಡುವ ಮನುಷ್ಯ, ನೂರು ಸಲ ಕರೆಯುವ ಮನುಷ್ಯ. ಅವನ ಪುಟಕ್ಕೆ ಮೂರು ವರ್ಷದಲ್ಲಿ ದಿನಾಂಕ ಬೀಳದೆ ಇರುವುದು ಹೇಗೆ? ಹಳೆಯ ದಾಖಲೆ ಪುಸ್ತಕ ತೆಗೆಸಿ ನಾಲ್ಕನೆಯ ಫೋಟೋದ ಎದುರಿನ ನಂಬರು ಹುಡುಕಿದೆ. ಗೆರೆ ಸರಿಸುವ ಮೊದಲಿನ ಪಟ್ಟಿಯಲ್ಲಿ ಅದರ ಗುರುತಿಗೆ ಒಂದೇ ದಿನಾಂಕವಿತ್ತು, ಒಡಪು ಹೇಳಿದ ದಿನದ್ದು.

ಆಮೇಲೆ ಅರ್ಥವಾಯಿತು, ಅರ್ಥವಾದಾಗ ಕುಳಿತುಬಿಟ್ಟೆ. ಪದೇ ಪದೇ ಬೇಕಾಗುವ ಪುಟಗಳಿಗೆ ಚಿಪ್ ಒಂದು ಅಡ್ಡದಾರಿ ಇಟ್ಟುಕೊಂಡಿರುತ್ತದೆ, ಪ್ರತಿ ಸಲ ದಫ್ತರಕ್ಕೆ ಹೋಗಿ ಕೇಳುವ ರಗಳೆ ಬೇಡ ಎಂದು. ಸ್ವಲ್ಪ ಹೊತ್ತು ಬಳಸದಿದ್ದರೆ ಅಡ್ಡದಾರಿ ಅಳಿಸಿಹೋಗುತ್ತದೆ. ಮುಂದಿನ ಸಲ ದಫ್ತರಕ್ಕೇ ಬರಬೇಕು, ದಿನಾಂಕ ಬೀಳುತ್ತದೆ. ಎಲ್ಲರ ವಿಷಯದಲ್ಲಿ ಹಾಗೇ ಆಗುತ್ತಿತ್ತು. ಹೆಸರು ಹೇಳಿದರಂತೂ ದಫ್ತರ ತೆರೆಯಲೇಬೇಕು, ಪುಟದ ತಲೆಬರಹವಿರುವುದು ಅಲ್ಲಿಯೇ. ನನ್ನನ್ನು ಅವ್ವ ದಿನಕ್ಕೆ ಹತ್ತು ಸಲ ಫೋನಿನಲ್ಲಿ ‘ದಾಕ್ಷೀ’ ಎನ್ನುತ್ತಿದ್ದಳು, ನನ್ನ ಪುಟದ ಗುರುತು ದಿನಾಂಕಗಳಿಂದ ಕರ್ರಗಾಗಿತ್ತು. ಅಪ್ಪನ ಹೆಸರನ್ನು ಅವಳು ಹೇಳುವಂತಿರಲಿಲ್ಲ. ಇನ್ನು ಅಡ್ಡದಾರಿ ಅಳಿಯಬೇಕೆಂದರೆ ಅವನು ಅವಳ ಮನಸ್ಸಿನಿಂದ ಸ್ವಲ್ಪ ಹೊತ್ತಾದರೂ ಮರೆಯಾಗಬೇಕಿತ್ತು. ನಾಲ್ಕು ವರ್ಷದಲ್ಲಿ, ನಿದ್ದೆಯಲ್ಲಿ ಕೂಡ, ಒಂದು ಸಲವೂ ಮರೆಯಾಗಿರಲಿಲ್ಲ.

ದಿನಾ ಹೋಗುವ ಮನೆಗೆ ಯಾರೂ ವಿಳಾಸ ಕೇಳುವುದಿಲ್ಲ. ನನ್ನ ನಿಯಮ ಎಣಿಸಿದ್ದು ವಿಳಾಸ ಕೇಳಿದವರನ್ನು.

ಗೆರೆ ಸರಿಸಿದಾಗ ಹಳೆಯ ಅಡ್ಡದಾರಿಗಳನ್ನೆಲ್ಲ ಒರೆಸಿಹಾಕಲೇಬೇಕು, ಇಲ್ಲದಿದ್ದರೆ ಹಳೆಯ ದಾರಿ ಹಿಡಿದು ಇನ್ನೊಬ್ಬರ ಮನೆಗೆ ನುಗ್ಗಿದಂತಾಗುತ್ತದೆ. ಒರೆಸಿದ್ದೆ. ಪುಟ ಹೋಗಿತ್ತು, ದಾರಿಯೂ ಹೋಗಿತ್ತು. ಅದಕ್ಕೆ ಜೋತುಬಿದ್ದಿದ್ದ ನಲವತ್ತು ವರ್ಷವೂ ಹೋಗಿತ್ತು. ಮತ್ತೆ ಇಳಿಸಿಕೊಳ್ಳೋಣವೆಂದರೆ ಮೆದುಳಿನ ಆ ಅಂಚು ಸತ್ತು ನಾಲ್ಕು ವರ್ಷವಾಗಿದೆ. ಆ ನಂಬರಿನಲ್ಲಿ ಈಗ ಏನಿದೆ ಎಂದು ನೋಡಿದೆ. ಕರ್ನಲ್ ಭಾಗ ಓದಲು ನನಗೆ ಅನುಮತಿಯಿದೆ. ನುಂಗುವಾಗ ಉಸಿರಿನ ದಾರಿಯನ್ನು ಮುಚ್ಚು ಎಂಬ ಆದೇಶ ಅಲ್ಲಿತ್ತು. ಅವ್ವ ಈಗ ಪ್ರತಿ ತುತ್ತಿಗೂ ಆ ನಂಬರಿಗೇ ಹೋಗುತ್ತಾಳೆ.

ಹಂಚಿನಮನಿ ಸರ್ ಕೆಟ್ಟವರಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಒಂದು ಪುಟ, ದಾಕ್ಷಾಯಣಿ. ಲಕ್ಷದಾಗ ಒಂದು. ಜೀವ ಉಳೀತಲ್ಲ, ಅದನ್ನ ನೋಡು,” ಎಂದರು. ವರದಿಯಲ್ಲಿ ಹನ್ನೆರಡಕ್ಕೆ ಹನ್ನೆರಡು ಯಶಸ್ವಿ ಎಂದೇ ಹೋಯಿತು. ಮುಂದಿನ ರೋಗಿಗಳಿಗಾಗಿ ಸೂಚನೆಗಳ ಪಟ್ಟಿಗೆ ಒಂದು ಸಾಲು ಸೇರಿಸಿದರು: ‘ಮಹಿಳೆಯಾಗಿದ್ದಲ್ಲಿ, ಗೆರೆ ಸರಿಸುವ ಮೊದಲು ಪತಿಯ ಹೆಸರನ್ನು ಮೂರು ಬಾರಿ ಹೇಳಿಸತಕ್ಕದ್ದು.’ ಆ ಸಾಲನ್ನು ಬರೆದುಕೊಟ್ಟವಳೂ ನಾನೇ.

ಅವ್ವನಿಗೆ ನಾವು ಕಲಿಸಿದೆವು. ಇವರು ನಿನ್ನ ಗಂಡ, ಹೆಸರು ಅಡಿವೆಪ್ಪ, ಬೋರ್ಡು ಬರೆಯುತ್ತಿದ್ದರು. ಮದುವೆಯ ಫೋಟೋ ತೋರಿಸಿದೆವು. ಅವಳು ತನ್ನನ್ನು ಗುರುತಿಸಿದಳು, ಸೀರೆಯನ್ನು ಗುರುತಿಸಿದಳು. ಪಕ್ಕದಲ್ಲಿದ್ದವನನ್ನು ನೋಡಿ, ಹೌದಂತ, ಎಂದಳು. ಸುಳ್ಳು ಎನ್ನಲಿಲ್ಲ, ನಂಬಿದಳು. ಜಿಲ್ಲೆಗಳ ಹೆಸರನ್ನು ಮಕ್ಕಳು ನಂಬುವ ಹಾಗೆ. ಅಪ್ಪ ಹಾಸಿಗೆಯನ್ನು ಹೊರಗಿನ ಕೋಣೆಗೆ ತಂದುಕೊಂಡ. ಅವಳಿಗೆ ಸಂಕೋಚವಾಗುತ್ತದೆ ಎಂದ. ರೊಟ್ಟಿ ಬಡಿಯುವುದನ್ನು ಮಾತ್ರ ಬಿಡಲಿಲ್ಲ. ಅವ್ವ ಎರಡೆರಡು ರೊಟ್ಟಿ ತಿಂದು ಮೈಕೈ ತುಂಬಿಕೊಂಡಳು.

ಮೂರು ತಿಂಗಳಿಗೆ ತಪಾಸಣೆಗೆ ಕರೆದೊಯ್ದೆವು. ಹಂಚಿನಮನಿ ಸರ್ ಪ್ರಶ್ನೆಪಟ್ಟಿ ಹಿಡಿದು ಕುಳಿತಿದ್ದರು. ಹೆಸರು, ಊರು, ವಾರ ಕೇಳಿದರು. ಆಮೇಲೆ ಅಪ್ಪನ ಕಡೆ ಬೆರಳು ಮಾಡಿ, ಇವರು ಯಾರು ಎಂದರು.

“ಅಡಿವೆಪ್ಪ,” ಎಂದಳು ಅವ್ವ.

ಒಡಪಿಲ್ಲ, ನಾಚಿಕೆಯಿಲ್ಲ, ಬಾಯಿಗೆ ಕೈ ಅಡ್ಡ ಹೋಗಲಿಲ್ಲ. ಸರ್ ಪಟ್ಟಿಯಲ್ಲಿ ಸರಿ ಗುರುತು ಹಾಕಿಕೊಂಡರು. ನಾನು ಅಪ್ಪನ ಮುಖ ನೋಡಲಾರದೆ ನೆಲ ನೋಡಿದೆ. ನಲವತ್ತು ವರ್ಷ ಕಾಡಿ ಬೇಡಿದ್ದ ಮಾತು ಅವನಿಗೆ ಕೊನೆಗೂ ಸಿಕ್ಕಿತ್ತು. ಪರರ ಹೆಸರು ಹೇಳಲು ಯಾವ ಹೆಂಗಸಿಗೂ ಅಡ್ಡಿಯಿಲ್ಲ.

ಮನೆಗೆ ಬಂದವನೇ ಅಪ್ಪ ಕಪಾಟಿನ ಮೇಲಿನ ಟ್ರಂಕ್ ಇಳಿಸಿದ. ಒಣಗಿದ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಒಂದು ತಗಡಿನ ತುಂಡಿಗೆ ಹಸಿರು ಬಳಿದು, ಒಣಗುವ ತನಕ ಎದುರು ಕೂತಿದ್ದ. ಏನು ಮಾಡುತ್ತಿದ್ದೀಯ ಎಂದು ಕೇಳಿದೆ.

“ಮಾತ ಕೊಟ್ಟಿದ್ನಲ್ಲ,” ಎಂದ.

ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು, ಹಳದಿಯಲ್ಲಿ ಬರೆದ: ನಿಂಬೆವ್ವ. ಸುತ್ತ ಕೆಂಪು ಅಂಚು ಎಳೆದ. ಮೂಲೆಯಲ್ಲಿ ಸಣ್ಣಗೆ ಬರೆಯುವ ತನ್ನ ಹೆಸರನ್ನು ಬರೆಯಲಿಲ್ಲ. ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಿ, ಕೆಳಗಿಳಿದು ನಿಂತ.

ಅವ್ವ ಹೊರಗೆ ಬಂದಳು. ಗೋಡೆ ಹಿಡಿಯದೆ ನಡೆಯುತ್ತಿದ್ದಳು, ಕರ್ನಲ್ ಸಾಹೇಬರು ಡ್ಯೂಟಿ ತಪ್ಪಿಸುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಬೋರ್ಡನ್ನು ಓದಿದಳು. ಇನ್ನೊಮ್ಮೆ ಓದಿದಳು. ಅವಳ ಮುಖ ಅರಳಿತು.

“ಅಡಿವೆಪ್ಪಣ್ಣಾರ ಕೈ ಛಲೋ ಐತಿ ನೋಡ, ದಾಕ್ಷಿ. ಇಷ್ಟ ಛಂದ ಬರಿಯೋರು ಇಷ್ಟ ದಿನ ಎಲ್ಲಿದ್ದರು?”

ಅಪ್ಪ ಕುಂಚವನ್ನು ಅರಿವೆಯಿಂದ ಒರೆಸಿ, ರೊಟ್ಟಿಗೆ ಹೊತ್ತಾಯಿತು ಎಂದು ಒಳಗೆ ಹೋದ.